ಸೋಮವಾರದ ಸೂಜಿ

ಬದನೆಕಾಯಿ ಇದ್ದದ್ದು ನಿಜ. ಅದರಿಂದಲೇ ಶುರು ಮಾಡುತ್ತೇನೆ, ಮಿಕ್ಕದ್ದರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಚಾಮರಾಜನಗರದ ಒಂದು ಸಣ್ಣ ಆಸ್ಪತ್ರೆಯ ಹೆಂಗಸರ ವಾರ್ಡು. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗುಂಡು ಬದನೆಕಾಯಿಯೊಂದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಅದಕ್ಕೆ ಇನ್ಸುಲಿನ್ ಸೂಜಿ ಚುಚ್ಚುತ್ತಿದ್ದಳು. ಎದುರಿನ ಸ್ಟೂಲಿನ ಮೇಲೆ ನಾನು, ತರಬೇತಿ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ನರ್ಸು.

“ಪಾಪ, ಇದ್ಕೂ ಸಕ್ರೆ ಕಾಯ್ಲೆನಾ?” ಎಂದು ಅವಳು ಬದನೆಕಾಯಿಯನ್ನು ಸವರಿದಳು.

“ಅದಕ್ಕಲ್ಲ, ನಿಮಗೆ. ಸೂಜಿ ನೇರ ಹಿಡೀರಿ.”

“ಇದಾದ್ರೆ ಅಳಲ್ಲ ಬುಡು. ನಾನು ಅತ್ರೆ ನೀನು ಬೈತೀಯೆ.”

ಪಕ್ಕದ ಮಂಚದವರು ನಕ್ಕರು. ನಾನು ನಗಲಿಲ್ಲ, ಕಲಿಸುವವಳು ನಗಬಾರದು ಎಂದು ಆಗ ತಿಳಿದಿದ್ದೆ.

ಅವಳು ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಕಡೆಗೆ ಹೋಗುವ ರಸ್ತೆಯ ಒಂದು ಊರಿನವಳು. ಕಾಲಿನ ಗಾಯ ಮಾಯದೆ ಬಂದಿದ್ದಳು. ಪರೀಕ್ಷೆ ಮಾಡಿದಾಗ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು, ಮಾತ್ರೆಗೆ ಬಗ್ಗುವ ಹಂತ ದಾಟಿತ್ತು. ಇನ್ನು ಮೇಲೆ ದಿನಾ ಬೆಳಿಗ್ಗೆ ತನಗೆ ತಾನೇ ಸೂಜಿ ಹಾಕಿಕೊಳ್ಳಬೇಕು. ಆಗ ನಮ್ಮಲ್ಲಿ ಗಾಜಿನ ಸಿರಿಂಜು, ಕುದಿಸಿ ಆರಿಸಿ ಬಳಸುವುದು. ಔಷಧಿಯ ಸೀಸೆಯನ್ನು ಕುಲುಕಬಾರದು, ಎರಡು ಅಂಗೈ ನಡುವೆ ಮೆಲ್ಲಗೆ ಉರುಳಿಸಬೇಕು. ಮನೆಯಲ್ಲಿ ಫ್ರಿಜ್ಜಿಲ್ಲದವರು ಒದ್ದೆ ಮರಳು ತುಂಬಿದ ಮಡಕೆಯೊಳಗೆ ಒಂದು ಕುಡಿಕೆ ಹೂತು, ಸೀಸೆಯನ್ನು ಅದರಲ್ಲಿ ತಂಪಾಗಿಡಬೇಕು. ಇವತ್ತು ತೊಡೆಯ ಈ ಜಾಗ, ನಾಳೆ ಪಕ್ಕದ ಜಾಗ. ಇದನ್ನೆಲ್ಲ ಅವಳು ಮೂರು ದಿನದಲ್ಲಿ ಕಲಿತಳು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರಂತೆ. ಸೀಸೆ ಉರುಳಿಸುವಾಗ ಅವಳ ಅಂಗೈ ಒತ್ತುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ನನ್ನ ಕೈಗಿಂತ ಅವಳ ಕೈ ಚೆನ್ನಾಗಿತ್ತು. ಇದನ್ನು ಆಗ ಒಪ್ಪಿಕೊಂಡಿದ್ದೆನೋ ಈಗ ಒಪ್ಪುತ್ತಿದ್ದೇನೋ ಹೇಳಲಾರೆ.

ನಮ್ಮ ವಾರ್ಡಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಿದ್ದರು. ಕುಳ್ಳಗಿದ್ದರು. ರೋಗಿಗೆ ಕಲಿಸುವ ವಿಷಯದಲ್ಲಿ ಅವರದೇ ಒಂದು ಕ್ರಮವಿತ್ತು. ರೋಗಿ “ಹೂಂ” ಅಂದರೆ ಕಲಿತಂತಲ್ಲ, ತಲೆ ಆಡಿಸಿದರೆ ಕಲಿತಂತಲ್ಲ.

“ತಲೆ ಆಡಿಸೋದನ್ನ ನಂಬಬೇಡ ಕಣಮ್ಮಿ. ನಮ್ಮ ಜನ ಬಸ್ಸಲ್ಲಿ ನಿದ್ದೆ ಮಾಡುವಾಗ್ಲೂ ತಲೆ ಆಡಿಸ್ತಾರೆ” ಎನ್ನುತ್ತಿದ್ದರು.

ಮನೆಗೆ ಹೋಗುವವರು ಮೊದಲು ತಮ್ಮ ಕೈಯಾರೆ ಮಾಡಿ ತೋರಿಸಬೇಕು. ಆಮೇಲೆ ಪಕ್ಕದ ಮಂಚಕ್ಕೆ ಹೊಸದಾಗಿ ಬಂದವರಿಗೆ ಕಲಿಸಬೇಕು. ಕೊನೆಗೆ, ಮನೆಯಲ್ಲಿ ತಮ್ಮ ಒಂದು ದಿನ ಹೇಗೆ ಕಳೆಯುತ್ತದೆ ಅಂತ ಎದ್ದ ಗಳಿಗೆಯಿಂದ ಮಲಗುವವರೆಗೆ ನಮಗೆ ಹೇಳಬೇಕು. ಆ ದಿನದೊಳಗೆ ಸೂಜಿ ಎಲ್ಲಿ ಕೂರುತ್ತದೆ, ಅದರ ಹಿಂದೆ ಊಟ ಎಲ್ಲಿ ಕೂರುತ್ತದೆ, ಅದನ್ನು ನಾವು ಕಿವಿಗೊಟ್ಟು ಕೇಳಿ ಗುರುತು ಹಾಕಿಕೊಳ್ಳಬೇಕು. ಪುಸ್ತಕದಲ್ಲಿ ಇದು ಇರಲಿಲ್ಲ. ಮುಂದೆ ಪುಸ್ತಕಗಳಲ್ಲಿ ಬಂತು. ನಾನು ಮೊದಲು ಕಲಿತದ್ದು ಆ ಕುಳ್ಳಿಯಿಂದ.

ಅವಳು ಹೊರಟದ್ದು ಒಂದು ಶನಿವಾರ. ಮಗ ಬಂದು ಗಂಟು ಕಟ್ಟಿಟ್ಟು, ಬಸ್ಸಿಗೆ ಹೊತ್ತಾಗುತ್ತದೆ ಅಂತ ಬಾಗಿಲಲ್ಲಿ ನಿಂತಿದ್ದ. ನಾನು ಚೀಟಿ ಹಿಡಿದು ಕೂತೆ.

“ಮನೇಲಿ ಒಂದು ದಿನ ಹೇಳಿ.”

“ಏನೇಳನಾ. ಕೋಳಿ ಕೂಗದ್ಕೆ ಮುಂಚೆ ಏಳ್ತೀನಿ. ಕಸ ಮುಸ್ರೆ, ದನ. ಏಳ್ಗಂಟೆ ಬಸ್ಸು ಓಯ್ತದಲ್ಲ, ಅದು ಓದ ತಕ್ಷಣ ಸೂಜಿ.”

“ಆಮೇಲೆ?”

“ಆಮೇಲೆ ಅರ್ಧ ಗಂಟೆ ಬುಟ್ಟು ರೊಟ್ಟಿ. ಮಧ್ಯಾನ ಮುದ್ದೆ. ಸಂದೆಗೆ ದೀಪ ಅಚ್ಚಿ ವಸಿ ಅನ್ನ. ಮಲಿಕತೀನಿ. ಸರೀನಾ ಮೇಷ್ಟ್ರಮ್ಮ?”

ಸರಿಯಾಗಿತ್ತು. ಗಡಿಯಾರವಿಲ್ಲದ ಮನೆಗೆ ಬಸ್ಸನ್ನೇ ಗಡಿಯಾರ ಮಾಡಿಕೊಂಡದ್ದು ನನಗೆ ಬಹಳ ಹಿಡಿಸಿತು. ಎಲ್ಲಕ್ಕೂ ಗುರುತು ಹಾಕಿದೆ. ಏನೇ ಆದರೂ, ಎಲ್ಲಿಗೇ ಹೋದರೂ ಒಂದು ದಿನವೂ ಸೂಜಿ ತಪ್ಪಿಸಬಾರದು ಎಂದೆ. ಸಕ್ಕರೆ, ಬೆಲ್ಲ ನಿಮ್ಮ ಪಾಲಿಗಿಲ್ಲ ಎಂದೆ, ಮಗನಿಗೂ ಹೇಳಿದೆ. ಮೈ ಬೆವರಿ, ಕೈ ನಡುಗಿ, ತಲೆ ತಿರುಗಿದರೆ ಮಾತ್ರ ತಡಮಾಡದೆ ಒಂದಿಷ್ಟು ಸಕ್ಕರೆ ತಿನ್ನಬೇಕು ಅಂತಲೂ ಹೇಳಿದೆ. ಹೇಳಿದೆ ಅಂತ ಇಷ್ಟು ವರ್ಷ ನಂಬಿದ್ದೇನೆ. ಹೇಳಿದ್ದರೂ ಅದು ಬಾಗಿಲ ಹತ್ತಿರ, ಅವಳು ಗಂಟು ಎತ್ತಿಕೊಳ್ಳುತ್ತಿರುವಾಗ, ನಡುವೆ ಬಂದ ಮಗನ ಮಾತಿನ ಮೇಲೆ ಹೇಳಿದ್ದು. ಅವಳು ತಲೆ ಆಡಿಸಿದಳು.

ಎರಡು ದಿನ ಬಿಟ್ಟು ಬೆಳಿಗ್ಗೆ, ಎಂಟೂವರೆ ಇರಬಹುದು, ವಾರ್ಡಿಗೆ ತಿಂಡಿ ಬಂತು. ಒಂದು ತಟ್ಟೆ ಮಿಕ್ಕಿತು. ಕಸ ಗುಡಿಸುತ್ತಿದ್ದ ಆಯಾಳನ್ನು ಕರೆದೆ.

“ಬನ್ನಿ, ಉಪ್ಪಿಟ್ಟು ತಣ್ಣಗಾಗುತ್ತೆ.”

“ನಂಗೆ ಬ್ಯಾಡ ಸಿಸ್ಟ್ರೇ. ಸ್ವಾಮಾರ ಅಲ್ವಾ? ಒಪ್ಪೊತ್ತು.”

ಸೋಮವಾರ ನಮ್ಮ ಕಡೆಯ ಬೆಟ್ಟದ ದೇವರು ಮಾದಪ್ಪನ ವಾರ. ಬೆಳಗಿನಿಂದ ಏನೂ ಮುಟ್ಟದೆ, ಸಂಜೆ ದೀಪ ಹಚ್ಚಿ ಒಂದೇ ಹೊತ್ತು ಉಣ್ಣುತ್ತಾರೆ. ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ, ನನ್ನ ಅಜ್ಜಿಯೂ ಮಾಡುತ್ತಿದ್ದಳು. ಆದರೆ ತರಬೇತಿಯ ಮೂರು ವರ್ಷದಲ್ಲಿ ಅಜ್ಜಿ ಒಂದು ಕಡೆ, ಇನ್ಸುಲಿನ್ ಇನ್ನೊಂದು ಕಡೆ ಇದ್ದವು. ಅವೆರಡೂ ಎಂದೂ ಒಂದೇ ಕೋಣೆಗೆ ಬಂದಿರಲಿಲ್ಲ.

“ಆ ಬದ್ನೆಕಾಯಮ್ಮನೂ ಮಾಡ್ತಿತ್ತು” ಎಂದಳು ಆಯಾ, ಕಸಬರಿಕೆ ನಿಲ್ಲಿಸದೆ. “ವರ್ಸಾನ್ಗಟ್ಲೆ ಬುಟ್ಟಿಲ್ವಂತೆ.”

“ಕಳೆದ ಸೋಮವಾರ ಅವರು ಇಲ್ಲೇ ಬ್ರೆಡ್ಡು ತಿಂದರಲ್ಲ. ನಾನೇ ನೋಡಿದೆ.”

“ಇಲ್ಲಿ ತಿಂದ್ರು. ತಿನ್ನಲ್ಲ ಅಂತ ಕೂತಿದ್ರು, ನಾನೇ ಏಳ್ದೆ, ಆಸ್ಪತ್ರೆ ಒಳಗೆ ಇರೋರ ಲೆಕ್ಕ ಮಾದಪ್ಪ ಇಡಲ್ಲ, ಮನೆಗೋದ್ಮೇಲೆ ಮಾಡ್ಕಳಿ ಅಂತ. ಯಾಕ್ ಸಿಸ್ಟ್ರೇ, ಏಳ್ಬಾರ್ದಿತ್ತಾ?”

ಏಳು ಗಂಟೆ ಬಸ್ಸು ಅವಳ ಊರು ದಾಟಿ ಆಗಲೇ ಒಂದೂವರೆ ಗಂಟೆಯಾಗಿತ್ತು. ಅವಳು ಸೂಜಿ ಹಾಕಿಕೊಂಡಿರುತ್ತಾಳೆ, ಏಕೆಂದರೆ ಏನೇ ಆದರೂ ತಪ್ಪಿಸಬೇಡಿ ಅಂತ ಹೇಳಿದವಳು ನಾನು. ರೊಟ್ಟಿ ತಿಂದಿರುವುದಿಲ್ಲ. ಊಟವಿಲ್ಲದ ಹೊಟ್ಟೆಯಲ್ಲಿ ಆ ಔಷಧಿ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಬೆವರು, ನಡುಕ, ತೊದಲು, ಆಮೇಲೆ ಎಚ್ಚರ ತಪ್ಪುವುದು. ಆಮೇಲಿನದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ.

ದೊಡ್ಡ ಸಿಸ್ಟರ್ ಔಷಧಿ ಬೀರುವಿನ ಮುಂದೆ ನಿಂತಿದ್ದರು. ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ.

“ಫೋನು?”

“ಅವರ ಊರಲ್ಲಿಲ್ಲ.”

“ಒಂಬತ್ತಕ್ಕೆ ಗುಂಡ್ಲುಪೇಟೆ ಬಸ್ಸದೆ. ಓಡು. ಎಚ್ಚರ ಇದ್ದು ನುಂಗೋ ಹಾಗಿದ್ರೆ ಸಿಹಿ ನೀರು ಕುಡ್ಸು. ಎಚ್ಚರ ಇಲ್ದಿದ್ರೆ ಬಾಯಿಗೆ ನೀರು ಹುಯ್ಯಬೇಡ, ಉಸಿರಿಗೆ ಹೋಗುತ್ತೆ. ಒಂದು ಮಗ್ಗುಲಿಗೆ ಮಲಗಿಸಿ, ಸಿಹೀನ ಬೆರಳಿಗೆ ಹಚ್ಚಿ ಕೆನ್ನೆ ಒಳಗೆ ಸವರು. ಗುಂಡ್ಲುಪೇಟೆ ಹತ್ರ ಆಗುತ್ತೆ, ಅಲ್ಲಿಗೆ ಕರ್ಕೊಂಡು ಹೋಗು. ವಾರ್ಡು ನಾನು ನೋಡ್ಕತೀನಿ.”

ಮುಂದೆ ಎಷ್ಟೋ ವರ್ಷ ಹೊಸ ನರ್ಸುಗಳಿಗೆ ಪಾಠ ಹೇಳುವಾಗ, ನಾನು ಗ್ಲುಕೋಸ್ ಪುಡಿಯ ಪೊಟ್ಟಣ ಹಿಡಿದು ಬಸ್ಸು ಹತ್ತಿದೆ ಎಂದು ಹೇಳುತ್ತಿದ್ದೆ. ಸುಳ್ಳು. ಬಸ್ ನಿಲ್ದಾಣ ಬಿಟ್ಟು ಊರು ದಾಟಿದ ಮೇಲೆ ನೋಡಿಕೊಂಡರೆ ಕೈಯಲ್ಲಿ ಏನೂ ಇರಲಿಲ್ಲ. ಗ್ಲುಕೋಸ್ ಡಬ್ಬಗಳು ತುಂಬಿದ ಬೀರುವಿನ ಮುಂದೆ ನಿಂತು ಮಾತಾಡಿ, ಬರಿಗೈಯಲ್ಲಿ ಓಡಿ ಬಂದಿದ್ದೆ. ದೊಡ್ಡ ಸಿಸ್ಟರಿಗೂ ಹೊಳೆದಿರಲಿಲ್ಲ. ಪಾಠದಲ್ಲಿ ಪೊಟ್ಟಣ ಹೇಗೆ ಬಂದು ಸೇರಿತೋ. ಒಂದು ಸಲ ಹೇಳಿದೆ, ಕೇಳಿದವರು ಮೆಚ್ಚಿದರು, ಮುಂದಿನ ಸಲ ಅದು ನನ್ನ ಕೈಯಲ್ಲೇ ಇತ್ತು.

ಬಿಳಿ ಸಮವಸ್ತ್ರದಲ್ಲೇ ಹತ್ತಿದ್ದೆ. ಕಂಡಕ್ಟರು ನೋಡಿದ.

“ಏನ್ ಸಿಸ್ಟ್ರೇ, ಆಸ್ಪತ್ರೆನೇ ಬಸ್ ಅತ್ಬುಟ್ಟದೆ.”

ವಿಷಯ ಹೇಳಿದೆ. ನಗು ನಿಲ್ಲಿಸಿದ. ಮುಂದೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಅಂದ. ಆಮೇಲೆ ಕೈ ಅಡ್ಡ ಹಾಕಿದ ಎಷ್ಟೋ ಜನರನ್ನು ಬಿಟ್ಟು ಬಸ್ಸು ಹಾರಿತು ಅಂತ ನನ್ನ ನೆನಪು ಹೇಳುತ್ತದೆ. ಆದರೆ ತೆರಕಣಾಂಬಿಯಲ್ಲಿ ಬಸ್ಸು ನಿಂತು, ಅರಿಶಿನದ ಮೂಟೆ ಮೇಲಕ್ಕೆ ಏರಿಸುವ ತನಕ ಕಾದದ್ದೂ ಅದೇ ನೆನಪಿನಲ್ಲಿದೆ. ಎರಡೂ ಒಟ್ಟಿಗೆ ಇರಲಾರವು. ಮೂಟೆಯೇ ನಿಜವಿರಬೇಕು, ಏಕೆಂದರೆ ಆ ಮೂಟೆಯ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಹಾಗೆಯೇ ಇದೆ.

ಅವಳ ಊರಿನ ಕವಲಿನಲ್ಲಿ ಇಳಿಸಿದರು. ಗುಂಡ್ಲುಪೇಟೆಗೆ ಹೋಗುವ ಯಾವ ಗಾಡಿ ಸಿಕ್ಕರೂ ಇಲ್ಲಿ ನಿಲ್ಲಲು ಹೇಳುತ್ತೇನೆ ಎಂದ ಕಂಡಕ್ಟರು. ಹತ್ತು ನಿಮಿಷದ ದಾರಿ, ಅರ್ಧ ಓಡಿದೆ. ಮನೆ ಕೇಳುವ ಅಗತ್ಯ ಬೀಳಲಿಲ್ಲ, ಒಂದು ಜಗಲಿಯ ಮುಂದೆ ಜನ ಕೂಡಿದ್ದರು.

ಅವಳು ಕಂಬಕ್ಕೆ ಒರಗಿ ಕೂತಿದ್ದಳು. ರವಿಕೆ ಬೆನ್ನಿಗೆ ಅಂಟಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು, ಕೈ ನಡುಗುತ್ತಿತ್ತು. ಕಣ್ಣು ತೆರೆದಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ತೊದಲುತ್ತ ಏನೋ ಹೇಳುತ್ತಿದ್ದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತ ಒಬ್ಬ ಮುದುಕ, ಅವಳ ಗಂಡನ ದೊಡ್ಡಪ್ಪನಂತೆ, ಕೈಮುಗಿದು ಕೇಳುತ್ತಿದ್ದ.

“ಆಡು ಯಾವ ದಿಕ್ಕಿಗೆ ಓಯ್ತು ಅಂತ ಅಪ್ಪಣೆ ಆಗ್ಲಿ ಸ್ವಾಮಿ. ಮೂರು ದಿನ ಆಯ್ತು.”

ಅವಳು ಏನೋ ಗೊಣಗಿದಳು.

“ಕೆರೆ ಕಡೆ ಅಂತದೆ” ಎಂದಳು ಯಾರೋ ಹೆಂಗಸು.

“ಕೆರೆ ಅಲ್ಲ ಕಣ, ಕೇರಿ.”

ಸೋಮವಾರ, ಉಪವಾಸದ ಮೈ, ಬೆವರು, ನಡುಕ, ಅರ್ಥವಾಗದ ಮಾತು. ಮಾದಪ್ಪ ಮೈಮೇಲೆ ಬಂದಿದ್ದಾನೆ ಎಂದು ಅವರು ತಿಳಿದಿದ್ದರು. ಅವರನ್ನು ದಡ್ಡರು ಎನ್ನಲು ನನಗೆ ಬಾಯಿಲ್ಲ. ನನ್ನ ಪುಸ್ತಕದಲ್ಲಿ ಪಟ್ಟಿ ಮಾಡಿದ್ದ ಲಕ್ಷಣಗಳನ್ನೇ ಅವರು ಒಂದೂ ಬಿಡದೆ ಗಮನಿಸಿದ್ದರು, ಕಾರಣ ಮಾತ್ರ ಬೇರೆ ಬರೆದುಕೊಂಡಿದ್ದರು. ಅಲ್ಲಿ ಧೂಪ ಹಾಕಿದ್ದರೇ? ನನ್ನ ಕಣ್ಣ ಮುಂದೆ ಹೊಗೆ ಇದೆ. ಅದು ಅಡುಗೆ ಒಲೆಯದೂ ಇರಬಹುದು. ಬಿಟ್ಟುಬಿಡುತ್ತೇನೆ.

ಅವಳ ಭುಜ ಹಿಡಿದು ಕರೆದೆ. ನನ್ನ ಕಡೆ ತಿರುಗಿದಳು, ಗುರುತು ಹತ್ತಲಿಲ್ಲ. ನಾಲಿಗೆ ಹೊರಗೆ ಚಾಚಿ ಅಂದೆ, ಚಾಚಿದಳು. ಎಂಜಲು ನುಂಗುತ್ತಿದ್ದಳು. ಇನ್ನೂ ಸಮಯವಿತ್ತು.

“ಬೆಲ್ಲ ತನ್ನಿ, ನೀರಲ್ಲಿ ಕಲಸಿ, ಬೇಗ” ಎಂದೆ.

ಬಾಗಿಲಲ್ಲಿ ನಿಂತಿದ್ದ ಸೊಸೆ ಕದಲಲಿಲ್ಲ. ಎಳೆಯ ಹುಡುಗಿ, ಕಣ್ಣಲ್ಲಿ ನೀರಿತ್ತು, ಆದರೂ ಬಾಗಿಲಿಗೆ ಅಡ್ಡ ನಿಂತಳು.

“ಬೆಲ್ಲ ಕೊಡ್ಬಾರ್ದು.”

“ನಾನೇ ಹೇಳ್ತಿದ್ದೀನಿ, ಕೊಡಿ.”

“ಕೊಡ್ಬೇಡಿ ಅಂತ ಏಳಿದ್ದೂ ನೀವೇ ಅಂತಲ್ಲ? ನಮ್ಮನೆಯೋರು ಬಂದು ಏಳುದ್ರು, ಸಿಸ್ಟ್ರು ಖಡಕ್ಕಾಗಿ ಏಳವ್ರೆ, ಬೆಲ್ಲ ಅಂದ್ರೆ ಅತ್ತೆಗೆ ಇಸ ಅಂತ. ಅಟ್ಟದ ಮೇಲೆ ಮಡಗಿ ಏಣಿ ತೆಗ್ದಾಕಿವ್ನಿ. ಅವ್ರು ಕೇಳುದ್ರೂ ಕೊಟ್ಟಿಲ್ಲ.”

“ಅವರು ಕೇಳಿದ್ರಾ? ಯಾವಾಗ?”

“ಆಗ್ಲೇ. ಯಾಕೋ ಮೈಯೆಲ್ಲ ನಡುಗ್ತದೆ ಕಣಮ್ಮಿ, ವಸಿ ಬೆಲ್ಲ ಕೊಡು ಅಂದ್ರು. ನಾನು ಬಯ್ದುಬುಟ್ಟೆ.”

ಹಾಗಾದರೆ ಬಾಗಿಲ ಬಳಿ ನಾನು ಹೇಳಿದ ಮಾತು ಅವಳ ಕಿವಿಗೆ ಬಿದ್ದಿತ್ತು. ಗಂಟು ಎತ್ತುತ್ತಲೇ ಕೇಳಿಸಿಕೊಂಡಿದ್ದಳು. ಅವಳಿಗೆ ಕಲಿಸಿದ್ದು ಅವಳಿಗೆ ಉಳಿದಿತ್ತು. ಮಗನಿಗೆ ಅರ್ಧ, ಮಗನಿಂದ ಸೊಸೆಗೆ ಆ ಅರ್ಧದ ಗಟ್ಟಿ ಭಾಗ ಮಾತ್ರ. ಬೆಲ್ಲದ ಏಣಿ ಯಾರ ಕೈಯಲ್ಲಿದೆ ಎಂದು ನಾನು ಶನಿವಾರ ಕೇಳಿರಲಿಲ್ಲ.

ಸೊಸೆಗೆ ವಿವರಿಸಲು ಹೊರಟೆ. ಔಷಧಿ, ರಕ್ತ, ಸಕ್ಕರೆ, ಇಳಿಯುವುದು, ಏರುವುದು. ನನ್ನ ಬಾಯಲ್ಲಿ ಮಾತುಗಳು ಉದ್ದವಾಗುತ್ತಲೇ ಹೋದವು, ಅವಳ ಮುಖ ಬಿಗಿಯಾಗುತ್ತಲೇ ಹೋಯಿತು. ಆಗ ಮುದುಕ ಎದ್ದ.

“ಲೇ ಅಮ್ಮಿ, ಅತ್ತೆಗೆ ಕೊಡ್ಬೇಡ ಬುಡು. ಸ್ವಾಮಿಗೆ ಪಾನ್ಕ ಕೊಡು. ಮಾದಪ್ಪಂಗೇನು ಸಕ್ರೆ ಕಾಯ್ಲೆ ಇಲ್ವಲ್ಲ.”

ಸೊಸೆ ಒಂದು ಗಳಿಗೆ ಅವನನ್ನು, ಒಂದು ಗಳಿಗೆ ನನ್ನನ್ನು ನೋಡಿದಳು. ಏಣಿ ಬಂತು.

ಪಾಠದ ಕೋಣೆಯಲ್ಲಿ ಈ ಮಾತನ್ನೂ ನಾನೇ ಆಡಿದಂತೆ ಹೇಳುತ್ತಿದ್ದೆ. ಜನರ ನಂಬಿಕೆಯೊಳಗಿನಿಂದಲೇ ದಾರಿ ಹುಡುಕಬೇಕು ನೋಡಿ ಎಂದು ಬೆರಳೆತ್ತಿ ಹೇಳುತ್ತಿದ್ದೆ. ಆಡಿದವನು ಆಡು ಕಳೆದುಕೊಂಡ ಆ ಮುದುಕ. ಅವನು ನಿಜವಾಗಿ ನಂಬಿ ಹೇಳಿದನೋ, ಹುಡುಗಿಯನ್ನು ಬಾಗಿಲಿನಿಂದ ಸರಿಸಲು ಹೇಳಿದನೋ ನನಗೆ ತಿಳಿಯದು. ನಾನು ಕೇಳಲಿಲ್ಲ, ಅವನ ಕಣ್ಣು ಮಾತ್ರ ನನ್ನ ಕಡೆ ಒಮ್ಮೆ ಮಿಟುಕಿದ ಹಾಗಿತ್ತು. ಮಿಟುಕಿದ್ದನ್ನು ನಾನು ಆಮೇಲೆ ಸೇರಿಸಿದ್ದರೂ ಸೇರಿಸಿರಬಹುದು.

ತಲೆ ಎತ್ತಿ ಹಿಡಿದು, ಗುಟುಕು ಗುಟುಕಾಗಿ ಕುಡಿಸಿದೆ. ಒಂದು ಗುಟುಕು ನುಂಗಿದ್ದನ್ನು ಗಂಟಲಲ್ಲಿ ನೋಡಿ ಇನ್ನೊಂದು. ಒಂದು ಲೋಟ ಮುಗಿಯಿತು. ಎಷ್ಟು ಹೊತ್ತೋ. ನಡುಕ ಮೊದಲು ಬೆರಳುಗಳಿಂದ ಬಿಟ್ಟಿತು. ಬೆವರು ಆರಿತು. ಅವಳು ತನ್ನ ಸೆರಗನ್ನು ತಾನೇ ಸರಿಮಾಡಿಕೊಂಡಳು. ಸುತ್ತ ನೋಡಿದಳು.

“ಯಾಕ್ರಲಾ ಎಲ್ಲ ಇಲ್ ಬಂದ್ ಕೂತಿದ್ದೀರಿ, ಕೆಲ್ಸ ಇಲ್ವಾ?”

ಆಮೇಲೆ ನನ್ನನ್ನು ಕಂಡಳು.

“ಅಯ್ಯೋ ಅಮ್ಮಿ, ನೀನ್ಯಾವಾಗ ಬಂದೆ? ಸೂಜಿ ಸರ್ಯಾಗೇ ಆಕೊಂಡಿವ್ನಿ, ಕೇಳು ಬೇಕಾದ್ರೆ ಇವಳ್ನ.”

“ಸ್ವಾಮಿ ಓದ್ನಾ?” ಎಂದ ಮುದುಕ, ಬೇಸರದಿಂದ. ಆಡಿನ ವಿಷಯ ಅಲ್ಲಿಗೇ ನಿಂತಿತು.

ಕುಡಿದ ಪಾನಕ ಕರಗಿದ ಮೇಲೂ ಬೆಳಗಿನ ಔಷಧಿ ಮೈಯಲ್ಲಿ ಉಳಿದಿರುತ್ತದೆ, ಮತ್ತೆ ಹೀಗೇ ಆಗಬಹುದು. ಹಾಗಾಗಿ ಎರಡು ಬಾಳೆಹಣ್ಣು ತಿನ್ನಿಸಿ ಹೊರಡಿಸಿದೆ. ಕಂಡಕ್ಟರು ಮಾತು ಉಳಿಸಿಕೊಂಡಿದ್ದ, ಕೇರಳದ ಕಡೆಗೆ ತರಕಾರಿ ಒಯ್ಯುವ ಒಂದು ವ್ಯಾನು ಕವಲಿನಲ್ಲಿ ನಿಂತಿತ್ತು. ಯಾವ ಕಡೆಯಿಂದ ಬಂದದ್ದೋ. ಟೊಮೆಟೊ ಕ್ರೇಟುಗಳ ನಡುವೆ ಅತ್ತೆ, ಸೊಸೆ, ನಾನು ಕೂತು ಗುಂಡ್ಲುಪೇಟೆ ಸೇರಿದೆವು. ಬಸ್ ನಿಲ್ದಾಣದ ಹತ್ತಿರ ಒಬ್ಬ ಡಾಕ್ಟರು ಏಳೆಂಟು ಮಂಚ ಹಾಕಿಕೊಂಡು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಗೆ ಸೇರಿಸಿದೆ. ಅವರು ನೋಡಿ, ರಕ್ತ ಪರೀಕ್ಷೆಗೆ ತೆಗೆದುಕೊಂಡು, ಸಂಜೆಯವರೆಗೆ ಇರಲಿ ಎಂದರು. ನಾನೇ ಅವರಿಗೆ ನಡೆದದ್ದನ್ನು ಹೇಳಿದೆ. ಅವಸರದಲ್ಲಿ ಏನು ಹೇಳಿದೆನೋ, ಅವರು ಕೇಸ್ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ನಾನು ತಲೆಕೆಳಗಾಗಿ ಓದಿದೆ: ರೋಗಿ ಸೂಚನೆಗಳನ್ನು ಪಾಲಿಸಿಲ್ಲ.

ಆ ಸಾಲು ನನಗೆ ಗೊತ್ತು. ಒಂದು ಸಲ ಹಾಳೆಯ ಮೇಲೆ ಹತ್ತಿತೆಂದರೆ ರೋಗಿ ಎಲ್ಲಿಗೆ ಹೋದರೂ ಹಿಂದೆ ಬರುತ್ತದೆ. ಓದಿದ ಡಾಕ್ಟರು ಮೊದಲು ಗದರುತ್ತಾರೆ, ನರ್ಸು ಕಲಿಸುವ ಮುಂಚೆಯೇ ಕೈಬಿಡುತ್ತಾಳೆ. ನಾನೂ ಹಾಗೆ ಮಾಡಿದ್ದೇನೆ. ಆಗ ಸುಮ್ಮನಿದ್ದೆ. ಆ ಸಾಲಿನಿಂದ ನನ್ನ ಮೇಲೆ ಏನೂ ಬರುತ್ತಿರಲಿಲ್ಲ.

ಅವಳು ಮಂಚದ ಮೇಲೆ ಚೇತರಿಸಿಕೊಂಡು ಕೂತಿದ್ದಳು. ಸೊಸೆ ತನ್ನಿಂದಲೇ ಅತ್ತೆಗೆ ಹೀಗಾಯಿತು ಅಂತ ಮೂಲೆಯಲ್ಲಿ ಮೂಗು ಒರೆಸುತ್ತಿದ್ದಳು.

“ಅಳ್ಬೇಡ ಬುಡು” ಎಂದಳು ಅತ್ತೆ. “ನನ್ ಸೊಸೆ ಏಳ್ದಂಗೆ ಕೇಳ್ತಾಳೆ ಅಂತ ಗೊತ್ತಾಯ್ತಲ್ಲ, ಅದೇ ಲಾಭ. ಇಷ್ಟು ದಿನ ಗೊತ್ತಿರ್ಲಿಲ್ಲ.”

ಸೊಸೆ ಅಳುತ್ತಲೇ ನಕ್ಕಳು. ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆಲ್ಲ ಯಾವಾಗ ಬೇಡ, ಯಾವಾಗ ಬೇಕೇ ಬೇಕು ಎಂಬುದನ್ನು ಮೊದಲಿಂದ ಹೇಳಿದೆ. ಅವಳ ಬಾಯಲ್ಲಿ ತಿರುಗಿ ಹೇಳಿಸಿದೆ. ಮೂರನೇ ಸಲ ಅವಳು ನನಗಿಂತ ಚೆನ್ನಾಗಿ ಹೇಳಿದಳು: “ಬೆವ್ರು, ನಡುಕ, ಮಾತು ತಪ್ಪೋದು ಕಂಡ್ರೆ ಸ್ವಾಮಿ ಅಂತ ಕೈ ಮುಗಿಯೋದು ಆಮ್ಯಾಕೆ, ಮೊದ್ಲು ಬೆಲ್ಲ.”

ಆಮೇಲೆ ಅತ್ತೆಯ ಕಡೆ ತಿರುಗಿದೆ.

“ಅಮ್ಮ, ಇನ್ನು ಮೇಲೆ ಸೋಮವಾರ ಬಿಟ್ಟುಬಿಡಿ.”

“ಅದೊಂದು ಆಗಲ್ಲ.”

“ಜೀವಕ್ಕೆ ಬಂದಿತ್ತು.”

“ಬಂದಿತ್ತು ಅಂತ ನೀನಂತೀಯೆ. ನನ್ ಮಗ ಉಟ್ಟಿ ಮೂರು ತಿಂಗ್ಳಿಗೆ ಉಸ್ರು ಕಟ್ಕಂಡಾಗ ಇಡ್ದಿರೋ ವಾರ ಅದು. ಅವನಿಗೆ ಈಗ ಇಪ್ಪತ್ನಾಕು. ಸೂಜಿ ಅಂತ ಬುಟ್ಬುಡನಾ?”

ಸೂಜಿಯನ್ನು ಬಿಡುವಂತಿಲ್ಲ, ವಾರವನ್ನು ಅವಳು ಬಿಡುವುದಿಲ್ಲ. ಹೀಗೇ ಕಳಿಸಿದರೆ ಮುಂದಿನ ಸೋಮವಾರ ಮತ್ತೆ ಇದೇ, ಇಲ್ಲವೆ ನಮಗೆ ಹೇಳದೆ ಅವತ್ತು ಸೂಜಿ ಬಿಟ್ಟು, ಕಾಯಿಲೆ ಏರಿಸಿಕೊಂಡು ಮತ್ತೆ ಕಾಲಿನ ಗಾಯಕ್ಕೆ ಬರುತ್ತಾಳೆ. ದೊಡ್ಡ ಸಿಸ್ಟರ್ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಯೋಚಿಸಿದೆ. ಅವರು ಹೇಳುತ್ತಿರಲಿಲ್ಲ, ಕೇಳುತ್ತಿದ್ದರು.

“ಸೋಮವಾರ ಏನನ್ನ ಮುಟ್ಟಬಾರದು ನೀವು? ನೀರು?”

“ನೀರು ಕುಡೀಬೋದು. ನೀರಿಗೇನು.”

“ಹಾಲು?”

“ಆಲು...” ಯೋಚಿಸಿದಳು. “ಕುಡೀಬೋದು ಅಂತಾರೆ. ನಾನು ಕುಡಿತಿರ್ಲಿಲ್ಲ. ಗಟ್ಟಿಮುಟ್ಟಾಗಿದ್ನಲ್ಲ, ಯಾಕೆ ಅಂತ.”

“ಹಣ್ಣು?”

“ಅಣ್ಣೂ ಉಂಟು. ಬೇಯ್ಸಿದ್ದು, ಮುದ್ದೆ, ಅನ್ನ, ರೊಟ್ಟಿ, ಅದು ಮಾತ್ರ ಸಂದೆ ತನ್ಕ ಬಾಯಿಗೆ ಓಗ್ಬಾರ್ದು.”

“ಹಾಲು, ಹಣ್ಣು ತಗೊಂಡ್ರೆ ವಾರ ಕೆಡಲ್ವಾ?”

ಅವಳು ನನ್ನನ್ನು ಮಗುವನ್ನು ನೋಡುವಂತೆ ನೋಡಿದಳು.

“ಮಾದಪ್ಪನ ಜೊತೆ ನಾನು ಮಾತಾಡ್ಕತೀನಿ. ಅಷ್ಟಕ್ಕೆ ಎಷ್ಟು ಸೂಜಿ ಅಂತ ನೀನು ಡಾಕ್ಟ್ರ ಜೊತೆ ಮಾತಾಡು.”

ಎದ್ದೆ. ಡಾಕ್ಟರ ಕೋಣೆಯವರೆಗೆ ಹತ್ತು ಹೆಜ್ಜೆ. ಅಷ್ಟರಲ್ಲಿ ನಾನು ಎಷ್ಟು ಸಲ ನಿಂತೆನೋ. ಸೋಮವಾರದ ಅಳತೆ ಕೇಳಿ ಬರೆಸಿಕೊಂಡು ಬಂದರೆ ಕೆಲಸ ಮುಗಿಯುತ್ತಿತ್ತು. ಆ ಸಾಲಿನ ವಿಷಯ ಎತ್ತಿದರೆ ನನ್ನ ವಿಷಯ ಎತ್ತಬೇಕು. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ.

“ಸರ್, ಆ ಸಾಲು ತಪ್ಪು.”

ಅವರು ತಲೆ ಎತ್ತಿದರು. “ಯಾವ ಸಾಲು?”

“ಸೂಚನೆ ಪ್ರಕಾರ ನಡೆದಿಲ್ಲ ಅಂತ ಬರೆದಿದ್ದೀರಿ. ನಡೆದಿದ್ದಾರೆ ಸರ್. ಏನೇ ಆದರೂ ಸೂಜಿ ತಪ್ಪಿಸಬೇಡಿ ಅಂದೆ, ತಪ್ಪಿಸಲಿಲ್ಲ. ಬೆಲ್ಲ ಕೊಡಬೇಡಿ ಅಂದೆ, ಮನೆಯವರು ಕೊಡಲಿಲ್ಲ. ಹೇಳಿದ್ದನ್ನೆಲ್ಲ ಮಾಡಿದ್ದಕ್ಕೇ ಹೀಗಾಯ್ತು.”

“ಹಂಗಾದ್ರೆ ಏನು ಬರೀಲಿ?”

“ಕೇಳಬೇಕಾದ್ದನ್ನ ಕೇಳಲಿಲ್ಲ ಅಂತ.”

“ಯಾರು ಕೇಳಲಿಲ್ಲ?”

“ನಾನು.”

ಅವರು ಪೆನ್ನು ಎತ್ತಿಕೊಂಡರು. ಆ ಸಾಲನ್ನು ಹೊಡೆದು ಹಾಕಿದರೋ, ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದರೋ, ನಾನು ಎಷ್ಟು ಪ್ರಯತ್ನಿಸಿದರೂ ಕಾಣಿಸುವುದಿಲ್ಲ. ಪೆನ್ನು ಕಾಣುತ್ತದೆ, ಅವರ ಬೆರಳು ಕಾಣುತ್ತದೆ, ಹಾಳೆ ಖಾಲಿ. ನನಗೆ ಒಂದೇ ಒಂದು ಗದರಿಕೆ ಬಿತ್ತು, ಅದು ನೆನಪಿದೆ, ನನ್ನ ಪಾಲಿಗೆ ಬರಬೇಕಾದದ್ದೇ. ಆಮೇಲೆ ಅವರು ಸೋಮವಾರದ ಹಾಲು ಹಣ್ಣಿನ ವಿಷಯವನ್ನು ಪೂರ್ತಿ ಕೇಳಿ, ಅವತ್ತಿಗೆ ಬೇರೆ ಅಳತೆ ಹಾಕಬೇಕಾಗುತ್ತದೆ, ಆದರೆ ನಿಮ್ಮ ಬಾಯಿಂದ ಕೇಳಿ ಬರೆಯುವುದಿಲ್ಲ, ಅವರ ಬಾಯಿಂದಲೇ ಕೇಳಬೇಕು ಎಂದು ಎದ್ದು ಬಂದರು. ಮಂಚದ ಪಕ್ಕ ನಿಂತು ಕೇಳಿದರು.

“ಏನಮ್ಮ, ಸೋಮವಾರ ಬೆಳಿಗ್ಗೆ ಎದ್ದ ಮೇಲೆ ಏನೇನ್ ಮಾಡ್ತೀಯ, ಹೇಳು.”

ಅವಳು ಕಾಲು ಮಡಚಿಕೊಂಡು ಮಂಚದ ಮೇಲೆ ಅವರಿಗೆ ಜಾಗ ಮಾಡಿದಳು.

“ಕೂತ್ಕಳಿ ಡಾಕ್ಟ್ರೇ. ವಸಿ ಉದ್ದ ಅದೆ.”